ಪಿಎಫ್ ಬೇಡ ಎಂದು ಬರೆದುಕೊಡಿ ಅಂದರು: ಕೇಂದ್ರ ಕಾರ್ಮಿಕ ಸಚಿವರಿಗೆ ಖಾಸಗಿ ಶಾಲೆಯ ಶಿಕ್ಷಕಿಯ ಬಹಿರಂಗ ಪತ್ರ

ಗೆ,
ಮಾನ್ಯ ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವರು,
ಅಧ್ಯಕ್ಷರು, ನೌಕರರ ಭವಿಷ್ಯ ನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿ,
ನವದೆಹಲಿ

ವಿಷಯ: ಖಾಸಗಿ ಶಾಲೆಗಳ ಶಿಕ್ಷಕರು ಇಪಿಎಸ್-95 (ಪಿಎಫ್ ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆ) ಬಿಟ್ಟು ಹೋಗುತ್ತಿರುವ ಬಗ್ಗೆ

ಮಾನ್ಯರೇ,

ನಾನು ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಅನುದಾನರಹಿತ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿ. ವಯಸ್ಸು ನಲವತ್ತರ ಹತ್ತಿರ. ಸರ್ಕಾರಿ ಶಾಲೆಯ ನಮ್ಮ ಗೆಳೆಯ ಗೆಳತಿಯರು ಹಳೆ ಪಿಂಚಣಿ ಬೇಕೆಂದು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರುತ್ತಾರೆ. ಅವರ ಬೇಡಿಕೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಚುನಾವಣೆಯ ಪ್ರಣಾಳಿಕೆಗೂ ಬರುತ್ತದೆ. ನಮಗೂ ಒಂದು ಪಿಂಚಣಿ ಇದೆ ಅನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಾಗುವುದು ಶಾಲೆ ಬಿಟ್ಟಾಗ. ಆಗ ಯಾರಾದರೂ ಹೇಳುತ್ತಾರೆ, "ಪಿಎಫ್ ಜತೆ ಪೆನ್ಷನ್ನೂ ತೆಗೆಸಿಬಿಡಿ ಮೇಡಂ, ಅದರಲ್ಲೇನಿದೆ?"

ಅದರಲ್ಲಿ ಏನಿದೆ ಎಂದು ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ನಿಮ್ಮ ಮುಂದೆ ಇಡಲು ಈ ಪತ್ರ.

2025ರ ಬೇಸಿಗೆಯಲ್ಲಿ ನಾನು ಶಾಲೆ ಬದಲಿಸಿದೆ. ಹಳೆ ಶಾಲೆಯಲ್ಲಿ 8 ವರ್ಷದ ಸೇವೆ ಇತ್ತು. ಅಲ್ಲಿ ಕೊನೆಗೆ ನನ್ನ ಪಿಎಫ್ ಸಂಬಳ, ಅಂದರೆ ಯಾವ ಮೊತ್ತದ ಮೇಲೆ ಪಿಎಫ್ ಕಡಿಯುತ್ತಾರೋ ಅದು, 12,000 ರೂಪಾಯಿ. ಹೊಸ ಶಾಲೆಯ ಆಡಳಿತ ಮಂಡಳಿಯವರು ಸಂದರ್ಶನ ಚೆನ್ನಾಗಿಯೇ ಮಾಡಿದರು. ಕೊನೆಯಲ್ಲಿ ಒಂದು ಸಲಹೆ ಕೊಟ್ಟರು. "ನಿಮ್ಮ ಹಳೆ ಪಿಎಫ್, ಪೆನ್ಷನ್ ಎಲ್ಲ ಪೂರ್ತಿ ತೆಗೆಸಿಬಿಡಿ. ನಾವು ಬೇಸಿಕ್ 15,000ಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತೇವೆ. ಪಿಎಫ್ ಬೇಡ ಎಂದು ಒಂದು ಕಾಗದ ಬರೆದುಕೊಡಿ. ನಿಮ್ಮ ಕೈಗೆ 1,800 ಜಾಸ್ತಿ ಬರುತ್ತೆ."

ಇದು ಮೋಸದ ಮಾತಿನಂತೆ ಕೇಳಲಿಲ್ಲ. ಉಪಕಾರದಂತೆ ಕೇಳಿತು. ನಿಮ್ಮ ನಿಯಮಗಳ ಒಳಗೇ ಇದಕ್ಕೆ ದಾರಿ ಇದೆ. 15,000 ರೂಪಾಯಿ ಒಳಗಿನ ಸಂಬಳದವರಿಗೆ ಪಿಎಫ್ ಕಡ್ಡಾಯ. ಒಮ್ಮೆ ಸದಸ್ಯರಾದವರು ಕೆಲಸದಲ್ಲಿರುವಾಗ ಸುಮ್ನೆ ಹೊರಗೆ ಬರುವಂತಿಲ್ಲ. ಆದರೆ ಹಳೆ ಖಾತೆಯನ್ನು ಪೂರ್ತಿ ಖಾಲಿ ಮಾಡಿ, ಮಿತಿಗಿಂತ ಒಂದು ರೂಪಾಯಿ ಹೆಚ್ಚಿನ ಸಂಬಳಕ್ಕೆ ಹೊಸದಾಗಿ ಸೇರಿದರೆ ಯೋಜನೆಯ ಹೊರಗೆ ಉಳಿಯಬಹುದು. ಇದನ್ನು ಶಾಲೆಯ ಅಕೌಂಟೆಂಟ್‌ಗಳು ಚೆನ್ನಾಗಿ ಬಲ್ಲರು. ನಾವು ಬಲ್ಲವರಲ್ಲ.

ಮೊದಲು ಆ 1,800 ರೂಪಾಯಿಯ ವಿಚಾರ. ಅದು ನನ್ನದೇ ಹಣ. 15,000ದ ಮೇಲೆ ಶೇ 12ರಂತೆ ನನ್ನ ಪಾಲು 1,800. ಅಷ್ಟನ್ನೇ ಶಾಲೆಯೂ ಹಾಕಬೇಕು. ಶಾಲೆಯ ಪಾಲಿನಲ್ಲಿ ಶೇ 8.33, ಅಂದರೆ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 550 ನನ್ನ ಪಿಎಫ್ ಖಾತೆಗೆ. ಕೇಂದ್ರ ಸರ್ಕಾರ ಶೇ 1.16ರಂತೆ 174 ರೂಪಾಯಿ ಪಿಂಚಣಿಗೆ ಸೇರಿಸುತ್ತದೆ. ಜೊತೆಗೆ ಕೆಲಸದಲ್ಲಿರುವಾಗ ಸತ್ತರೆ ಕುಟುಂಬಕ್ಕೆ 7 ಲಕ್ಷದವರೆಗೆ ವಿಮೆ, ಗಂಡನಿಗೆ ಅಥವಾ ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಪಿಂಚಣಿ. ಅಂದರೆ ನನ್ನ ಕೈಗೆ 1,800 ಜಾಸ್ತಿ ಕೊಟ್ಟಂತೆ ಮಾಡಿ, ಶಾಲೆ ತನ್ನ 1,800 ಉಳಿಸಿಕೊಳ್ಳುತ್ತದೆ. ಈ ಭಾಗದಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಬಿಟ್ಟವರಿಗೆ ನಷ್ಟ.

ಕಷ್ಟ ಇರುವುದು ಪಿಂಚಣಿಯ ಭಾಗದಲ್ಲಿ. ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಪಿಂಚಣಿ ಬರಲು ಕನಿಷ್ಠ 10 ವರ್ಷದ ಸೇವೆ ಬೇಕು. ಅಷ್ಟು ತುಂಬದ ಸೇವೆಯ ಪಿಂಚಣಿ ಹಣವನ್ನು ಫಾರ್ಮ್ 10ಸಿ ತುಂಬಿ ತೆಗೆಯಬಹುದು. ಹೀಗೆ ತೆಗೆದರೆ ಎಷ್ಟು ಸಿಗುತ್ತದೆ ಎಂದು ಹೇಳುವ ನಿಮ್ಮ 'ಟೇಬಲ್ ಡಿ' ಪಟ್ಟಿಯ ಪ್ರಕಾರ 8 ವರ್ಷದ ಸೇವೆಗೆ ಸಿಗುವುದು ಕೊನೆಯ ಪಿಎಫ್ ಸಂಬಳದ 8.22 ಪಟ್ಟು. ನನ್ನ ಲೆಕ್ಕಕ್ಕೆ 98,640 ರೂಪಾಯಿ. ತೆಗೆಯದೆ ಬಿಟ್ಟರೆ ಆ 8 ವರ್ಷ ನನ್ನ ಸೇವೆಗೆ ಸೇರುತ್ತದೆ. 58ಕ್ಕೆ ಪಿಂಚಣಿ ಬರುವಾಗ ಸೂತ್ರ ಹೀಗಿದೆ: ಕೊನೆಯ 60 ತಿಂಗಳ ಸರಾಸರಿ ಪಿಎಫ್ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 12,000ದ ಲೆಕ್ಕದಲ್ಲಿ ಆ 8 ವರ್ಷಕ್ಕೆ ಸಿಗುವುದು ತಿಂಗಳಿಗೆ 1,371 ರೂಪಾಯಿ.

ಈಗ ಅದೇ 98,640ನ್ನು ಬ್ಯಾಂಕಿನಲ್ಲಿಟ್ಟು 20 ವರ್ಷ ಮುಟ್ಟದೆ ಬಿಟ್ಟೆ ಎಂದುಕೊಳ್ಳಿ. ವರ್ಷಕ್ಕೆ ಶೇ 7 ಬಡ್ಡಿ ಸಿಕ್ಕರೆ ಅದು 3.8 ಲಕ್ಷ ದಾಟುತ್ತದೆ. ಆಮೇಲೆ ಅದರ ಬಡ್ಡಿಯೇ ತಿಂಗಳಿಗೆ ಸುಮಾರು 2,200. ಅಸಲು ಮಕ್ಕಳಿಗೆ ಉಳಿಯುತ್ತದೆ. ನಿಮ್ಮ ಪಿಂಚಣಿಯಲ್ಲಿ ಅಸಲು ಮಕ್ಕಳಿಗೆ ಬರುವುದಿಲ್ಲ.

ಸರ್ಕಾರ ನಡೆಸುವ, ಸರ್ಕಾರವೇ ಹಣ ಸೇರಿಸುವ ಯೋಜನೆಯೊಂದು ಮಾಮೂಲಿ ಠೇವಣಿಯ ಮುಂದೆ ಕಾಗದದ ಮೇಲಾದರೂ ಸೋಲುತ್ತದೆ ಅಂದರೆ ಏನೋ ಸರಿಯಿಲ್ಲ, ಅಲ್ವಾ? "ಅದರಲ್ಲೇನಿದೆ" ಎಂದು ಕೇಳುವವರನ್ನು ದಡ್ಡರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಯಾರು 20 ವರ್ಷ ಮುಟ್ಟದೆ ಇಡುತ್ತಾರೆ? ಏಪ್ರಿಲ್‌ನಲ್ಲಿ ಸಂಬಳ ಇರುವುದಿಲ್ಲ. ಮೇ ತಿಂಗಳಲ್ಲಿ ಸ್ವಂತ ಮಕ್ಕಳ ಶಾಲೆ ಫೀಸು. ಎಲ್ಲೋ ಒಂದು ಚಿನ್ನದ ಸಾಲದ ಗಡುವು. ಪಿಂಚಣಿ ತೆಗೆಯಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಮುಂದೆ ಬರುವುದು ಸರಿಯಾಗಿ ಆ ಹೊತ್ತಿನಲ್ಲೇ. ಕೆಲಸ ಬಿಟ್ಟಾಗ, ಕೈ ಬರಿದಾಗಿರುವಾಗ. ಸಲಹೆ ಕೊಡುವವರು ಯಾರು? ಸೈಬರ್ ಸೆಂಟರ್‌ನ ಹುಡುಗ. ಅವನಿಗೆ ಅರ್ಜಿ ಒಂದಕ್ಕೆ ಇಷ್ಟು ಎಂದು ಸಿಗುತ್ತದೆ. ಹಣ ತೆಗೆಯುವ ಅರ್ಜಿಯೇ ಅವನಿಗೆ ಗೊತ್ತಿರುವ ಅರ್ಜಿ. ಅದೇ ಫಾರ್ಮ್ 10ಸಿಯಲ್ಲಿ ಹಣದ ಬದಲು 'ಸ್ಕೀಮ್ ಸರ್ಟಿಫಿಕೇಟ್' ಕೇಳಿ ಸೇವೆಯನ್ನು ಉಳಿಸಿಕೊಳ್ಳಬಹುದು ಎಂದು ಅವನು ಹೇಳುವುದಿಲ್ಲ. ಶಾಲೆಯೂ ಹೇಳುವುದಿಲ್ಲ. ನಿಮ್ಮ ಪಾಸ್‌ಬುಕ್ಕೂ ಹೇಳುವುದಿಲ್ಲ.

ಈ ತೀರ್ಮಾನ ಎಲ್ಲರಿಗೂ ಒಂದೇ ಅಲ್ಲ ಎಂದು ನನಗೆ ಕಣ್ಣಿಗೆ ಕಟ್ಟಿದ್ದು ನಮ್ಮ ಹಿಂದಿ ಶಿಕ್ಷಕಿಯ ವಿಷಯದಲ್ಲಿ. ಅವರಿಗೆ ಆಗ 50 ವರ್ಷ. ಹಿಂದಿನ ಶಾಲೆಯೊಂದರಲ್ಲಿ 3 ವರ್ಷದ ಪಿಎಫ್ ಇತ್ತು, 10,000 ರೂಪಾಯಿ ಸಂಬಳದ ಮೇಲೆ. "ಮೂರು ವರ್ಷದ್ದು ತಾನೇ, 29,800 ಬರುತ್ತಂತೆ, ತೆಗೆಸಿಬಿಡುತ್ತೇನೆ" ಅಂದರು. ಸ್ಟಾಫ್ ರೂಮಿನಲ್ಲಿ ಕೂತು ಲೆಕ್ಕ ಮಾಡಿದೆವು. 58ಕ್ಕೆ ಅವರಿಗೆ ಇನ್ನು ಇರುವುದು 8 ವರ್ಷ. ಆ 3 ವರ್ಷ ತೆಗೆದರೆ ಒಟ್ಟು ಸೇವೆ 8 ವರ್ಷ, ಪಿಂಚಣಿಯೇ ಇಲ್ಲ. ಕೊನೆಗೊಂದು ಗಂಟು ಅಷ್ಟೆ. ಮೊದಲಿನದು, ಕೊನೆಯದು ಎರಡೂ ಸೇರಿ 1,12,000. ಉಳಿಸಿಕೊಂಡರೆ 11 ವರ್ಷ. ತಿಂಗಳಿಗೆ 1,571 ರೂಪಾಯಿ, ಬದುಕಿರುವಷ್ಟು ದಿನ. ಅವರ ನಂತರ ಗಂಡನಿಗೂ ಪಿಂಚಣಿ. ಸುಮಾರು 6 ವರ್ಷ ಪಿಂಚಣಿ ತೆಗೆದುಕೊಂಡರೆ ಆ ಗಂಟಿನಷ್ಟು ಬಂದುಬಿಡುತ್ತದೆ. 64ರ ಮೇಲೆ ಬದುಕುವುದೆಲ್ಲ ಲಾಭ. ಅವರ ತಾಯಿಗೆ ಈಗಲೂ 80ರ ಮೇಲೆ.

ಅಂದರೆ ನನಗೆ ತೆಗೆಯುವುದೇ ಲಾಭ ಎಂದು ಕಾಣುವ ಲೆಕ್ಕ, ಅವರಿಗೆ ಮುಳುವಾಗುವ ಲೆಕ್ಕ. ಸೈಬರ್ ಸೆಂಟರ್ ಇಬ್ಬರಿಗೂ ಒಂದೇ ಬಟನ್ ಒತ್ತುತ್ತದೆ.

ಅವರು ತೆಗೆಯದೆ ಬಿಟ್ಟರು. ಅಲ್ಲಿಗೂ ಮುಗಿಯಲಿಲ್ಲ. ಹಳೆ ಸೇವೆಯನ್ನು ಹೊಸ ಖಾತೆಗೆ ಸೇರಿಸಲು ಹೋದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನಿಷಿಯಲ್ ಬಿಟ್ಟ ಇನ್ನೊಂದು ಹೆಸರು. ಸರಿಪಡಿಸಲು ಹಳೆ ಶಾಲೆಯ ಸಹಿ ಬೇಕು. ಆ ಶಾಲೆ ಕೋವಿಡ್ ಕಾಲದಲ್ಲೇ ಬಾಗಿಲು ಹಾಕಿತ್ತು. ಮುಚ್ಚಿದ ಸಂಸ್ಥೆಯಾದರೆ ಗೆಜೆಟೆಡ್ ಅಧಿಕಾರಿಯಂಥವರ ದೃಢೀಕರಣವೂ ನಡೆಯುತ್ತದೆ ಎಂಬುದನ್ನು ಅವರಿಗೆ ಹೇಳಿದವರು ನಿವೃತ್ತ ಬ್ಯಾಂಕ್ ನೌಕರರೊಬ್ಬರು. ಕೌಂಟರಿನಲ್ಲಿ ಕೂತವರಲ್ಲ.

ಮಾನ್ಯರೇ, ಇನ್ನು ಬೇಸಿಗೆ ರಜೆಯ ವಿಷಯ. ಇದನ್ನು ದಯವಿಟ್ಟು ಸ್ವಲ್ಪ ನಿಂತು ಓದಿ. ನಮ್ಮಂಥ ಶಿಕ್ಷಕರನ್ನು ವಿಶೇಷವಾಗಿ ಕಾಡುವ ತೊಂದರೆ ಇದು.

ಬಹಳಷ್ಟು ಸಣ್ಣ ಖಾಸಗಿ ಶಾಲೆಗಳು ಏಪ್ರಿಲ್, ಮೇ ಸಂಬಳ ಕೊಡುವುದಿಲ್ಲ. ಕೆಲಸ ಮಾತ್ರ ಇರುತ್ತದೆ. ಫಲಿತಾಂಶ ಬರೆಯಬೇಕು. ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿ ಎಂದು ಕೇಳಬೇಕು. ಎಷ್ಟು ಅಡ್ಮಿಷನ್ ತಂದಿರಿ ಎಂಬುದರ ಮೇಲೆ ಜೂನ್‌ನಲ್ಲಿ ಕೆಲಸ ನಿಂತಿರುತ್ತದೆ. ಆದರೆ ಶಾಲೆ ಪ್ರತಿ ತಿಂಗಳು ಸಲ್ಲಿಸುವ ಪಿಎಫ್ ಚಲನ್‌ನಲ್ಲಿ ಆ ಎರಡು ತಿಂಗಳು ನಮ್ಮ ಹೆಸರಿನ ಮುಂದೆ ಸಂಬಳ ಸೊನ್ನೆ. ಪಕ್ಕದ ಎನ್‌ಸಿಪಿ ಎಂಬ ಕಾಲಂನಲ್ಲಿ, ಅಂದರೆ ವಂತಿಗೆ ಕಟ್ಟದ ದಿನಗಳ ಲೆಕ್ಕದಲ್ಲಿ, ಪೂರ್ತಿ ತಿಂಗಳು. ಆ ದಿನಗಳು ಪಿಂಚಣಿಯ ಸೇವೆಯಿಂದ ಕಳೆದುಹೋಗುತ್ತವೆ.

ವರ್ಷಕ್ಕೆ 2 ತಿಂಗಳು ಹೋದರೆ 10 ವರ್ಷಕ್ಕೆ 20 ತಿಂಗಳು ಹೋಗುತ್ತದೆ. 10 ವರ್ಷ ಪಾಠ ಮಾಡಿದವರ ಸೇವೆ ಉಳಿಯುವುದು 8 ವರ್ಷ 4 ತಿಂಗಳು. ನಿಮ್ಮ ನಿಯಮದಲ್ಲಿ 9 ವರ್ಷ 6 ತಿಂಗಳಾದರೂ 10 ಎಂದು ಹಿಡಿಯುತ್ತೀರಿ. ಇಲ್ಲಿ ಅದೂ ಆಗುವುದಿಲ್ಲ. ಆ ಶಿಕ್ಷಕಿ ತನಗೆ ಪಿಂಚಣಿ ಖಾತ್ರಿ ಎಂದುಕೊಂಡಿರುತ್ತಾಳೆ. ಕಚೇರಿಗೆ ಹೋದಾಗ ಅರ್ಹತೆ ಇಲ್ಲ ಎನ್ನುತ್ತಾರೆ.

ನಮ್ಮ ಪಾಲಿಗೆ ಈ ಯೋಜನೆ ತೂತು ಬಿದ್ದ ಕೊಡ. ತುಂಬುವವರನ್ನು ಬೈದು ಪ್ರಯೋಜನವಿಲ್ಲ.

ಕೆಲವು ಶಾಲೆಗಳು ಇನ್ನೂ ಒಂದು ಹೆಜ್ಜೆ ಮುಂದೆ. ಪಿಎಫ್ ಕಾಯ್ದೆ 20 ಜನ ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ ಎಂದು ಹಾಜರಿ ಪುಸ್ತಕದಲ್ಲಿ 19 ಹೆಸರು. ಉಳಿದವರು 'ಗೌರವ ಶಿಕ್ಷಕರು', ಬೇರೆ ಪುಸ್ತಕ. ಶಾಲೆಯ ಪಾಲಿನ ಶೇ 12ನ್ನೂ ನಮ್ಮ ಸಂಬಳದಿಂದಲೇ ಕಡಿಯುವ ಕಡೆಗಳೂ ಇವೆ. ಮಾಲೀಕರ ಪಾಲನ್ನು ನೌಕರರಿಂದ ವಸೂಲು ಮಾಡುವಂತಿಲ್ಲ ಎಂದು ನಿಮ್ಮ ಯೋಜನೆಯಲ್ಲೇ ಸ್ಪಷ್ಟವಾಗಿದೆ. ಅದನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿದವರಿಗೆ ಮುಂದಿನ ಜೂನ್‌ನಲ್ಲಿ ಕರೆ ಬರುವುದಿಲ್ಲ, ಅಷ್ಟೆ.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಆ ಕಾಗದ ಬರೆದುಕೊಡಲಿಲ್ಲ. ಹಳೆ ಪಿಂಚಣಿಯನ್ನೂ ತೆಗೆಯಲಿಲ್ಲ. ಕಾರಣ ಯೋಜನೆಯ ಮೇಲಿನ ಪ್ರೀತಿಯಲ್ಲ. ಒಂದು, ಹೊರಗೆ ಹೋದರೆ ಮತ್ತೆ ಒಳಗೆ ಬರುವ ದಾರಿ ಇಲ್ಲ ಎಂದು ತಿಳಿಯಿತು. 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚಿನ ಸಂಬಳಕ್ಕೆ ಹೊಸದಾಗಿ ಸೇರುವವರಿಗೆ ಪಿಂಚಣಿ ಯೋಜನೆಯೇ ಇಲ್ಲ. ನಾನು ಹಣ ತೆಗೆದು ಅಂಥ ಸಂಬಳಕ್ಕೆ ಸೇರಿದರೆ ಹೊಸಬಳೇ. ಎರಡು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನನಗೇನಾದರೂ ಆದರೆ ಮಕ್ಕಳಿಗೆ ಬರುವ ಪಿಂಚಣಿ, ವಿಮೆ ಬ್ಯಾಂಕಿನ ಠೇವಣಿಯಲ್ಲಿ ಇಲ್ಲ. ಈ ಎರಡನೆಯದು ಯಾವ ಬಡ್ಡಿ ಲೆಕ್ಕದಲ್ಲೂ ಕಾಣುವುದಿಲ್ಲ. ನನಗೆ ಅದೇ ಮುಖ್ಯವಾಯಿತು.

ಶಾಲೆಯವರು ಕೆಲಸವನ್ನೇನೋ ಕೊಟ್ಟರು. ಸಂಬಳದ ಚೀಟಿ ಮಾತ್ರ ಬದಲಾಯಿತು. ಬೇಸಿಕ್ 9,000. ಉಳಿದದ್ದು ವಿಶೇಷ ಭತ್ಯೆ, ಪ್ರಯಾಣ ಭತ್ಯೆ, ಇನ್ನೊಂದು ಭತ್ಯೆ. ಪ್ರಯಾಣ ಎಲ್ಲಿಗೆ ಎಂದು ಕೇಳಬೇಡಿ, ನನ್ನ ಮನೆ ಶಾಲೆಯ ಹಿಂದಿನ ಬೀದಿಯಲ್ಲಿದೆ. ಈಗ ಪಿಎಫ್ ಕಡಿಯುವುದು 9,000ದ ಮೇಲೆ. ಪಿಂಚಣಿಗೆ ಹೋಗುವುದು 750. ಸೂತ್ರ ಕೊನೆಯ 60 ತಿಂಗಳ ಸರಾಸರಿಯನ್ನು ನೋಡುತ್ತದೆ ಅಲ್ಲವೇ? ಹೀಗೇ ನಡೆದರೆ 12,000ದ ಮೇಲೆ ಕಟ್ಟಿದ ವರ್ಷಗಳಿಗೂ 9,000ದ ಬೆಲೆ. ಆ 8 ವರ್ಷಕ್ಕೆ ತಿಂಗಳಿಗೆ 1,371 ಇದ್ದದ್ದು 1,029ಕ್ಕೆ ಇಳಿಯುತ್ತದೆ.

ಹೀಗೆ ಸಂಬಳ ಒಡೆದು ಪಿಎಫ್ ತಪ್ಪಿಸುವ ವಿಚಾರವನ್ನು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದೇ ತೀರ್ಮಾನಿಸಿದೆ. ಅದೂ ಒಂದು ಶಾಲೆಯ ಪ್ರಕರಣದಲ್ಲಿ, ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರದ್ದು. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆ ಮೂಲವೇತನವೇ, ಅದರ ಮೇಲೂ ಪಿಎಫ್ ಕಟ್ಟಬೇಕು ಎಂದಿತು ಕೋರ್ಟ್. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟಿನ ಕಥೆಯೂ ಇಂಥದ್ದೇ. ಶಿಕ್ಷಕರೂ ನೌಕರರೇ ಎಂದು ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ, 1997ರ ಏಪ್ರಿಲ್ 3ರಿಂದಲೇ ಜಾರಿ ಎಂದಿತು. ಖಾಸಗಿ ಶಾಲೆಗಳ ಸಂಘಗಳು ಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರ ನಿಂತಿತು. ದೆಹಲಿಯಲ್ಲಿ ಹೀಗೆ ಗೆಲ್ಲುತ್ತೇವೆ. ತಾಲ್ಲೂಕಿನಲ್ಲಿ ಆ ಗೆಲುವನ್ನು ಯಾರ ಕೈಗೆ ಕೊಟ್ಟು ಜಾರಿ ಮಾಡಿಸುವುದು ಎಂದು ಗೊತ್ತಾಗುವುದಿಲ್ಲ.

2025ರ ಅಕ್ಟೋಬರ್ 13ರಂದು ನಿಮ್ಮ ಮಂಡಳಿ ಒಂದು ತೀರ್ಮಾನ ಮಾಡಿತು. ಪಿಂಚಣಿ ಹಣ ತೆಗೆಯಲು ಕೆಲಸ ಬಿಟ್ಟ ಮೇಲೆ ಕಾಯುವ ಅವಧಿ 2 ತಿಂಗಳಿಂದ 36 ತಿಂಗಳಿಗೆ. ಜನ ಆತುರದಲ್ಲಿ ಪಿಂಚಣಿ ಕಳೆದುಕೊಳ್ಳಬಾರದು ಎಂಬ ಉದ್ದೇಶ ನನಗೆ ಅರ್ಥವಾಗುತ್ತದೆ. ಮೇಲೆ ಹೇಳಿದ ಹಿಂದಿ ಶಿಕ್ಷಕಿಯಂಥವರಿಗೆ ಅದು ಒಳ್ಳೆಯದೇ. ಆದರೆ ಒಳಗೆ ಇರುವವರಿಗೆ ಏನು ಸಿಗುತ್ತದೆ ಎಂಬುದನ್ನು ಸರಿ ಮಾಡದೆ ಹೊರಗೆ ಹೋಗುವ ಬಾಗಿಲನ್ನು ಮಾತ್ರ ಹಾಕಿದರೆ ಅದು ಅರ್ಧ ಕೆಲಸ. ಮೂರು ವರ್ಷ ಕಾದ ಮೇಲೂ ಅವರಿಗೆ ಸಲಹೆ ಕೊಡುವವನು ಅದೇ ಸೈಬರ್ ಸೆಂಟರ್ ಹುಡುಗನೇ.

ಒಳಗೆ ಇರುವವರಿಗೆ ಏನು ಸಿಗುತ್ತದೆ? 15,000 ರೂಪಾಯಿಯ ಮಿತಿ 2014ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅಂದಿನಿಂದ 10 ವರ್ಷ ಕಳೆದರೂ ಅಲ್ಲೇ ನಿಂತಿತ್ತು. ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಮಾಡಿದ್ದೂ ಆಗಲೇ. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 3,000 ಕೊಡಿ ಎಂದು ಶಿಫಾರಸು ಮಾಡಿತ್ತು. ನಿವೃತ್ತರ ಸಂಘಟನೆಗಳು 7,500 ಮತ್ತು ತುಟ್ಟಿಭತ್ಯೆ ಕೇಳುತ್ತಿವೆ. ಈ ಪಿಂಚಣಿಗೆ ತುಟ್ಟಿಭತ್ಯೆ ಎಂಬುದಿಲ್ಲ. 58ನೇ ವಯಸ್ಸಿನಲ್ಲಿ ನಿಗದಿಯಾದ ಮೊತ್ತ 80ರಲ್ಲೂ ಅದೇ. ಗರಿಷ್ಠ ಮಿತಿಯ ಮೇಲೆ 30 ವರ್ಷ ಪೂರ್ತಿ ಕಟ್ಟಿ, 20 ವರ್ಷ ದಾಟಿದವರಿಗೆ ಕೊಡುವ 2 ವರ್ಷದ ಬೋನಸ್ ಸೇರಿಸಿದರೂ ತಿಂಗಳಿಗೆ 6,857 ರೂಪಾಯಿ. ಇದು ನಮ್ಮಲ್ಲಿ ಅತಿ ಹೆಚ್ಚು ಅದೃಷ್ಟವಂತರಿಗೆ.

ಮಿತಿ ಏರಿಸಿ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳುತ್ತೇನೆ. ಆದರೆ ಏರಿಸುವಾಗ 2014ರಲ್ಲಿ ಮಾಡಿದ್ದನ್ನು ಮತ್ತೆ ಮಾಡಬೇಡಿ. ಆಗ ಮಿತಿ 6,500ರಿಂದ 15,000ಕ್ಕೆ ಹೋಯಿತು. ಆದರೆ ಹಿಂದಿನ ಸೇವೆಗೆ 6,500ರ ಲೆಕ್ಕವೇ, ಮುಂದಿನದಕ್ಕೆ ಮಾತ್ರ ಹೊಸ ಲೆಕ್ಕ ಎಂದಿರಿ. 2000ದ ಸುಮಾರಿಗೆ ಕೆಲಸಕ್ಕೆ ಸೇರಿದ ಹಿರಿಯ ಶಿಕ್ಷಕರಿಗೆ ಮೊದಲ ಹದಿನಾಲ್ಕು ವರ್ಷ ಹೀಗೆ ಅಗ್ಗವಾಗಿ ಹೋಯಿತು. ಹಳೆ ವರ್ಷಗಳ ಬೆಲೆ ಬೆಳೆಯುವುದಿಲ್ಲ ಎಂದಾದರೆ, ತೆಗೆದು ಬ್ಯಾಂಕಿನಲ್ಲಿಡುವವರದ್ದೇ ಸರಿ ಎಂದು ನೀವೇ ಒಪ್ಪಿದಂತಾಗುತ್ತದೆ.

ಇದು ಖಜಾನೆಯ ಪ್ರಶ್ನೆ, ನಿಧಾನವಾಗುತ್ತದೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಹಾಗಾದರೆ ಖಜಾನೆಗೆ ಭಾರವಾಗದ ಕೆಲಸಗಳನ್ನು ಮೊದಲು ಕೇಳುತ್ತೇನೆ.

ಪ್ರತಿ ಸದಸ್ಯರಿಗೂ ವರ್ಷಕ್ಕೊಮ್ಮೆ ಒಂದು ಪುಟದ ಪಿಂಚಣಿ ಚೀಟಿ ಕೊಡಿ. ಅವರ ಭಾಷೆಯಲ್ಲಿ. ಈಗಿನ ಪಾಸ್‌ಬುಕ್ ಹಿಂದಿ ಮತ್ತು ಇಂಗ್ಲಿಷಿನಲ್ಲಿದೆ. ಅದರಲ್ಲಿ ಪಿಂಚಣಿಯ ಕಾಲಂ ಇದೆ, ಅರ್ಥ ಇಲ್ಲ. ಶಾಲೆ ಬದಲಿಸಿ ಖಾತೆ ವರ್ಗಾಯಿಸಿದರೆ ಹೊಸ ಪಾಸ್‌ಬುಕ್ಕಿನ ಪಿಂಚಣಿ ಕಾಲಂನಲ್ಲಿ ಹಳೆಯದು ಸೊನ್ನೆ ಎಂದು ಕಾಣುತ್ತದೆ. ಹಣ ಹೋಯಿತು ಎಂದು ಎಷ್ಟು ಜನ ಗಾಬರಿಯಾಗಿದ್ದಾರೋ! ಪಿಂಚಣಿಯಲ್ಲಿ ಸೇರುವುದು ಸೇವೆಯ ವರ್ಷ, ಹಣವಲ್ಲ ಎಂದು ಅಲ್ಲಿ ಒಂದು ಸಾಲು ಬರೆದರೆ ಸಾಕಿತ್ತು. ಆ ಚೀಟಿಯಲ್ಲಿ ಇಷ್ಟಿರಲಿ: ಇವತ್ತಿಗೆ ನಿಮ್ಮ ಸೇವೆ ಇಷ್ಟು, ಕಳೆದುಹೋದ ಎನ್‌ಸಿಪಿ ದಿನ ಇಷ್ಟು, ಈಗ ತೆಗೆದರೆ ಇಷ್ಟು, 58ರವರೆಗೆ ಇದ್ದರೆ ತಿಂಗಳಿಗೆ ಇಷ್ಟು, ಸತ್ತರೆ ಮನೆಯವರಿಗೆ ಇಷ್ಟು. ಎಲ್ಲ ಅಂಕಿಯೂ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ.

ಒಂದೇ ಶಾಲೆ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಎಲ್ಲ ಶಿಕ್ಷಕರಿಗೂ ಸೊನ್ನೆ ತೋರಿಸುತ್ತಿದೆ ಎಂಬುದೂ ಅದೇ ಕಂಪ್ಯೂಟರಿನಲ್ಲಿದೆ. ಇದನ್ನು ಹುಡುಕಲು ದೂರುದಾರರು ಬೇಕಿಲ್ಲ. ಚಲನ್‌ಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಅಂಥ ಶಾಲೆಗಳಿಗೆ ನೀವಾಗಿಯೇ ನೋಟಿಸ್ ಕೊಡಿ. ದೂರು ಕೊಟ್ಟವರ ಹೆಸರು ಹುಡುಕುವ ಕಷ್ಟ ಆಡಳಿತ ಮಂಡಳಿಗೂ ತಪ್ಪುತ್ತದೆ.

'ಪಿಎಫ್ ಬೇಡ' ಎಂಬ ಒಪ್ಪಿಗೆ ಶಾಲೆಯ ಕೈಯಿಂದ ಬರಬಾರದು. ಸದಸ್ಯರ ಮೊಬೈಲಿಗೆ ಓಟಿಪಿ ಬರಲಿ. ಅದರ ಜೊತೆ, ನೀವು ಬಿಟ್ಟುಕೊಡುತ್ತಿರುವುದು ಇದು, ಮಾಲೀಕರ ಪಾಲು ಇಷ್ಟು, ವಿಮೆ ಇಷ್ಟು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರಲಿ. ಒಂದು ತಿಂಗಳೊಳಗೆ ಮನಸ್ಸು ಬದಲಿಸುವ ಅವಕಾಶವೂ ಇರಲಿ.

ಇನ್ನೊಂದು ಬೇಡಿಕೆ. ಕೋವಿಡ್ ಕಾಲದಲ್ಲಿ ಶಾಲೆಗಳು ಸಂಬಳ ನಿಲ್ಲಿಸಿದಾಗ ಅನ್ನಕ್ಕಾಗಿ ಪಿಂಚಣಿ ಹಣ ತೆಗೆದವರಿದ್ದಾರೆ. ಅವರ ಸೇವೆ ಅಳಿಸಿಹೋಗಿದೆ. ತೆಗೆದ ಹಣವನ್ನು ಬಡ್ಡಿ ಸಮೇತ ಕಂತಿನಲ್ಲಿ ಮರಳಿ ಕಟ್ಟಿ ಆ ವರ್ಷಗಳನ್ನು ವಾಪಸ್ ಪಡೆಯುವ ಒಂದು ಅವಕಾಶ ಕೊಡಿ. ಬೇಡ ಎನ್ನುವವರು ಬಿಡಲಿ. ಕಟ್ಟುತ್ತೇನೆ ಎನ್ನುವವರ ಹಣವನ್ನು ಬೇಡ ಎನ್ನಲು ನಿಧಿಗೆ ಕಾರಣವಿಲ್ಲ.

ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ 'ನಿಧಿ ಆಪ್‌ಕೆ ನಿಕಟ್' (ನಿಧಿ ನಿಮ್ಮ ಹತ್ತಿರ) ಎಂಬ ಪಿಎಫ್ ಶಿಬಿರ ನಡೆಸುತ್ತೀರಿ. ಒಳ್ಳೆಯ ಕೆಲಸ. ಆದರೆ ನಮಗೆ ಅವತ್ತು ತರಗತಿ ಇರುತ್ತದೆ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಶಿಬಿರವನ್ನಾದರೂ ಶಿಕ್ಷಕರಿಗೆ ಎಂದು ತಾಲ್ಲೂಕು ಕೇಂದ್ರದಲ್ಲಿ ಮಾಡಿ. ಶಾಲೆ ಬಿಡುವವರು, ಸೇರುವವರು ಎಲ್ಲರೂ ತೀರ್ಮಾನ ಮಾಡುವುದು ಆಗಲೇ. ಬ್ಯಾನರ್ ಮೇಲೆ ಹೆಸರನ್ನು ಕನ್ನಡದಲ್ಲೂ ಬರೆಸಿ. ಪಕ್ಕದಲ್ಲೇ ಹಾದುಹೋಗುವವರಿಗೂ ಅದು ಪಿಎಫ್ ಶಿಬಿರ ಎಂದು ಗೊತ್ತಾಗಲಿ.

ರಾಜ್ಯದ ಶಾಲಾ ಶಿಕ್ಷಣ ಸಚಿವರಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಅವರಲ್ಲಿ ಒಂದೇ ಕೋರಿಕೆ. ಖಾಸಗಿ ಶಾಲೆಯ ಮಾನ್ಯತೆ ನವೀಕರಣಕ್ಕೆ ಕಟ್ಟಡದ ಸುರಕ್ಷತೆ, ಅಗ್ನಿಶಾಮಕದ ಪತ್ರ ಎಲ್ಲ ಕೇಳುತ್ತೀರಿ. ಹಿಂದಿನ 12 ತಿಂಗಳ ಪಿಎಫ್ ಚಲನ್ ಕೂಡ ಕೇಳಿ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿರುವ ಶಿಕ್ಷಕರ ಪಟ್ಟಿಯ ಜೊತೆ ಅದನ್ನು ಹೋಲಿಸಿ. ಆ ಪಟ್ಟಿಯಲ್ಲಿ 26 ಹೆಸರು, ಚಲನ್‌ನಲ್ಲಿ 19 ಹೆಸರು ಇದ್ದರೆ ಮುಂದಿನದು ನಿಮಗೇ ಗೊತ್ತಾಗುತ್ತದೆ.

ನನ್ನ ಶಾಲೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಕಾರಣ ಹೇಳಬೇಕಿಲ್ಲ. ನನ್ನ ಪಿಎಫ್‌ನ ಯುಎಎನ್ ಸಂಖ್ಯೆ, ಸಂಬಳದ ಚೀಟಿ, ಪಾಸ್‌ಬುಕ್ಕಿನ ನಕಲನ್ನು ಪ್ರತ್ಯೇಕ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. 9,000ದ ಬೇಸಿಕ್ ಸರಿಯೇ ತಪ್ಪೇ ಎಂಬುದಕ್ಕೆ ಲಿಖಿತ ಉತ್ತರ ಕೊಡಿಸಿ. ಉತ್ತರ ಕನ್ನಡದಲ್ಲಿ ಬಂದರೆ ಅದನ್ನು ಸ್ಟಾಫ್ ರೂಮಿನ ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ಇಂಗ್ಲಿಷಿನಲ್ಲಿ ಬಂದರೂ ಹಾಕುತ್ತೇನೆ, ಕೆಳಗೆ ಅನುವಾದ ಬರೆದು. ಜೂನ್‌ನಲ್ಲಿ ನಮ್ಮ ಶಾಲೆಗೆ ಹೊಸ ಶಿಕ್ಷಕರು ಬರುತ್ತಾರೆ. ಅವರ ಮುಂದೆಯೂ ಅದೇ ಕಾಗದ ಇಡುತ್ತಾರೆ. ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,

ಇಂತಿ ನಿಮ್ಮ ವಿಶ್ವಾಸಿ,
ಖಾಸಗಿ ಅನುದಾನರಹಿತ ಪ್ರೌಢಶಾಲೆಯ ಸಹಶಿಕ್ಷಕಿ,
ಕರ್ನಾಟಕ

ಪ್ರತಿ: ಮಾನ್ಯ ಶಾಲಾ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು